ಕೆಳಗೆ ಅಂಗಡಿ, ಮೇಲೆ ಮನೆ: ಅನುಮತಿಗಳ ದಾರಿಯನ್ನು ಕೊನೆಯ ಕಾಗದದಿಂದ ಶುರು ಮಾಡಿ

ಬೆಂಗಳೂರಿನಲ್ಲಿ 30×50 ಅಡಿಯ ಒಂದು ನಿವೇಶನ. ಕೆಳಗೆ ಬಾಡಿಗೆಗೆ ಕೊಡಲು ಒಂದು ಅಂಗಡಿ, ಮೇಲೆ ಎರಡು ಮನೆ. ಮಧ್ಯಮ ವರ್ಗದವರ ಅರ್ಧ ಆಯುಷ್ಯದ ಉಳಿತಾಯ ಸಾಮಾನ್ಯವಾಗಿ ಈ ರೂಪವನ್ನೇ ತಾಳುತ್ತದೆ. ಇಂಥ ಕಟ್ಟಡ ಕಟ್ಟಲು ಹೊರಟವರು ಮೊದಲು ಕೇಳುವುದು, ನಕ್ಷೆ ಮಂಜೂರಾತಿಗೆ ಎಲ್ಲಿ ಅರ್ಜಿ ಹಾಕಬೇಕು ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕಟ್ಟಡ ಮುಗಿದ ಮೇಲೆ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಎಲ್ಲರೂ ಓ.ಸಿ. ಎನ್ನುವ ಆ ಕೊನೆಯ ಕಾಗದ, ಈ ಕಟ್ಟಡಕ್ಕೆ ಸಿಗುತ್ತದೆಯೇ?

ಬಹಳ ವರ್ಷ ಇದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನಕ್ಷೆ ಮಂಜೂರಾಗುತ್ತಿತ್ತು, ಕಟ್ಟಡ ತನ್ನ ಪಾಡಿಗೆ ನಕ್ಷೆಗಿಂತ ಒಂದು ಮಹಡಿ ಹೆಚ್ಚು ಬೆಳೆಯುತ್ತಿತ್ತು, ಮೀಟರ್ ಬರುತ್ತಿತ್ತು, ಗೃಹಪ್ರವೇಶದ ಊಟವೂ ಆಗುತ್ತಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಈ ಸಲೀಸು ದಾರಿಯನ್ನು ಮುಚ್ಚಿತು. ಪ್ರಕರಣ ಉತ್ತರ ಪ್ರದೇಶದ ಮೀರತ್‌ನದು. ವಾಸಕ್ಕೆಂದು ಕೊಟ್ಟಿದ್ದ ನಿವೇಶನದಲ್ಲಿ ಅಂಗಡಿಗಳು ಎದ್ದಿದ್ದವು. ತೀರ್ಪಿನ ಜೊತೆ ನ್ಯಾಯಾಲಯ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನೂ ಕೊಟ್ಟಿತು. ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಬ್ಯಾಂಕುಗಳು ಆ ಪತ್ರವನ್ನು ಪರಿಶೀಲಿಸಿಯೇ ಕಟ್ಟಡದ ಆಧಾರದ ಮೇಲೆ ಸಾಲ ಕೊಡಬೇಕು. ಅನಧಿಕೃತ ಕಟ್ಟಡದಲ್ಲಿ ಯಾವ ವ್ಯಾಪಾರಕ್ಕೂ ಪರವಾನಗಿ ಕೊಡಬಾರದು. 2025ರಲ್ಲಿ ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳು ಇದನ್ನು ಜಾರಿಗೆ ತಂದಾಗ ಸಾವಿರಾರು ಹೊಸ ಮನೆಗಳು ನಿರ್ಮಾಣದ ತಾತ್ಕಾಲಿಕ ಸಂಪರ್ಕದಲ್ಲೇ ಉಳಿದವು. ಆಮೇಲೆ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದಲ್ಲಿನ ಸಣ್ಣ ವಾಸದ ಮನೆಗಳಿಗೆ ಓ.ಸಿ.ಯಿಂದ ವಿನಾಯಿತಿ ಕೊಟ್ಟಿತು. ನಮ್ಮ 30×50 ನಿವೇಶನ 1,500 ಚದರ ಅಡಿ. ಮೇಲಾಗಿ ಕೆಳಗೆ ಅಂಗಡಿ. ಆ ವಿನಾಯಿತಿಯ ನೆರಳು ಇದಕ್ಕೆ ಬೀಳುವುದಿಲ್ಲ.

ಹೀಗಾಗಿ ಪ್ರತಿ ಹೆಜ್ಜೆಯಲ್ಲೂ ನೀವು ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದದ್ದು ಕೊನೆಯ ದಿನ ಟೇಪು ಹಿಡಿದು ಬರುವ ಎಂಜಿನಿಯರ್‌ರನ್ನು. ಅವರ ಕೈಯಲ್ಲಿ ಮಂಜೂರಾದ ನಕ್ಷೆ ಇರುತ್ತದೆ, ಎದುರಿಗೆ ನಿಮ್ಮ ಕಟ್ಟಡ. ಅವರು ನೋಡುವುದು ಎರಡೂ ಒಂದೇ ಹೌದೋ ಅಲ್ಲವೋ ಎಂದು.

ನಿಮ್ಮ ಕಡತ ಯಾರ ಮೇಜಿಗೆ ಹೋಗುತ್ತದೆ

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹಳೆಯ ವಲಯ ಕಚೇರಿಯ ಹೆಸರು ನಂಬಿ ಹೋದರೆ ಒಂದು ದಿನದ ರಜೆ ವ್ಯರ್ಥವಾಗಬಹುದು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಾಗಿದ್ದು ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲದಿದ್ದರೆ ಬಿಡಿಎ ಕಚೇರಿಯಲ್ಲಿ ವಿಚಾರಿಸಬೇಕು. ನಗರದ ಅಂಚು ದಾಟಿ ಆನೇಕಲ್, ನೆಲಮಂಗಲ, ಹೊಸಕೋಟೆ ಕಡೆ ಹೋದರೆ ಅಲ್ಲಿ ಬೇರೆಯೇ ಯೋಜನಾ ಪ್ರಾಧಿಕಾರಗಳಿವೆ.

ಇಲ್ಲಿ ಜನ ಎಡವುವ ಒಂದು ಜಾಗವಿದೆ. ನೆಲವನ್ನು ಯಾವುದಕ್ಕೆ ಬಳಸಬಹುದು ಎಂದು ಹೇಳುವುದು ಯೋಜನಾ ಪ್ರಾಧಿಕಾರದ ಕೆಲಸ. ಅದರ ಬೇರು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ. ಆ ನೆಲದ ಮೇಲೆ ಹೇಗೆ ಕಟ್ಟಬಹುದು ಎಂದು ಹೇಳಿ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಪಂಚಾಯಿತಿಯವರು ಲೈಸೆನ್ಸ್ ಕೊಟ್ಟಿದ್ದಾರೆ ಎಂದು ಹತ್ತಾರು ಮನೆಯ ಅಪಾರ್ಟ್‌ಮೆಂಟ್ ಕಟ್ಟಿ, ಯೋಜನಾ ಪ್ರಾಧಿಕಾರದ ಒಪ್ಪಿಗೆಯೇ ಇಲ್ಲದೆ ಮಾರಿದವರಿದ್ದಾರೆ. ಕೊಂಡವರು ಈಗಲೂ ಅಲೆಯುತ್ತಿದ್ದಾರೆ.

ನೆಲದ ಕಾಗದ

ನಕ್ಷೆ ಬರೆಸುವ ಮೊದಲು ಕಾಗದಗಳನ್ನು ಒಂದರ ಪಕ್ಕ ಒಂದು ಹರಡಿ ಹೋಲಿಸಿ. ಬೇಕಾಗುವವು ಇವು:

- ನಿಮ್ಮ ಕ್ರಯಪತ್ರ, ಮತ್ತು ಅದರ ಹಿಂದಿನ ಮೂಲ ಕ್ರಯಪತ್ರಗಳ ಸರಣಿ
- ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪಡೆದ ಋಣಭಾರ ಪ್ರಮಾಣಪತ್ರ
- ಅಂತಿಮ ಇ-ಖಾತೆ (ಪಾಲಿಕೆಯ ಆಸ್ತಿ ವಹಿಯ ಡಿಜಿಟಲ್ ದಾಖಲೆ)
- ಆ ವರ್ಷದವರೆಗಿನ ಆಸ್ತಿ ತೆರಿಗೆ ರಸೀದಿ
- ಬಡಾವಣೆಯ ಅನುಮೋದಿತ ನಕ್ಷೆ. ಹಿಂದೆ ಕೃಷಿ ಭೂಮಿಯಾಗಿದ್ದರೆ ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ

ಪಟ್ಟಿ ಸುಲಭ. ಕಷ್ಟವಿರುವುದು ಹೋಲಿಕೆಯಲ್ಲಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು ಇ-ಖಾತೆಯಲ್ಲಿ ಪೂರ್ವಕ್ಕೆ ನಿವೇಶನ ಸಂಖ್ಯೆ ನಮೂದಾಗಿರಬಹುದು. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಹುದು. ಕಾಗದದಲ್ಲಿ 30×50 ಇದ್ದು ಸ್ಥಳದಲ್ಲಿ ಅಳೆದರೆ 29 ಅಡಿ 4 ಅಂಗುಲ ಬರಬಹುದು. ಮೂರನೆಯದು ಅತ್ಯಂತ ಅಪಾಯಕಾರಿ. ಮುಂದೆ ಬಿಡಬೇಕಾದ ಜಾಗದ ಲೆಕ್ಕವೆಲ್ಲ ನಿವೇಶನದ ಅಗಲದ ಮೇಲೆಯೇ ನಿಂತಿದೆ. ಪಕ್ಕದವರ ಕಾಂಪೌಂಡು ಎಂಟು ಅಂಗುಲ ಒಳಗೆ ಬಂದಿದ್ದರೆ ಆ ಮಾತನ್ನು ಅಡಿಪಾಯಕ್ಕಿಂತ ಮೊದಲು ಮುಗಿಸಿಕೊಳ್ಳಿ. ಮಹಡಿ ಎದ್ದ ಮೇಲೆ ಅದು ಮಾತಾಗಿ ಉಳಿಯುವುದಿಲ್ಲ, ಮೊಕದ್ದಮೆಯಾಗುತ್ತದೆ.

ಇ-ಖಾತೆ 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೂ ಕಡ್ಡಾಯವಾಗಿದೆ. ಜಾಲತಾಣದಲ್ಲಿ ಕಾಣುವ ಕರಡು ಇ-ಖಾತೆಯನ್ನೇ ಖಾತೆ ಎಂದು ಭಾವಿಸಬೇಡಿ. ಆಧಾರ್, ಕ್ರಯಪತ್ರದ ನೋಂದಣಿ ಸಂಖ್ಯೆ, ಋಣಭಾರ ಪತ್ರ, ತೆರಿಗೆ ಅರ್ಜಿ ಸಂಖ್ಯೆ, ಆಸ್ತಿಯ ಚಿತ್ರ ಇವನ್ನೆಲ್ಲ ಸೇರಿಸಿದ ಮೇಲೆ ಸಿಗುವ ಅಂತಿಮ ಇ-ಖಾತೆಯೇ ಲೆಕ್ಕ. ಋಣಭಾರ ಪತ್ರ ತೆಗೆಸುವಾಗ ನಮೂನೆ 15 ಮತ್ತು 16ರ ವ್ಯತ್ಯಾಸ ತಿಳಿದಿರಲಿ. ವ್ಯವಹಾರಗಳು ನಡೆದಿದ್ದರೆ 15, ಏನೂ ನಡೆದಿಲ್ಲವೆಂದರೆ 16. ನೀವೇ ಐದು ವರ್ಷದ ಹಿಂದೆ ಕೊಂಡ ನಿವೇಶನಕ್ಕೆ ನಮೂನೆ 16 ಬಂದರೆ ಸಂತೋಷಪಡಬೇಡಿ. ಹುಡುಕಾಟದಲ್ಲಿ ಕೊಟ್ಟ ವಿವರ ತಪ್ಪಾಗಿದೆ ಎಂದು ಅರ್ಥ.

ಬಿ ಖಾತೆಯವರ ವಿಷಯ. ಬಿ ಖಾತೆ ಎನ್ನುವುದು ತೆರಿಗೆ ವಸೂಲಿಗಾಗಿ ಇಟ್ಟ ವಹಿ, ಅದರ ಮೇಲೆ ನಕ್ಷೆ ಮಂಜೂರಾಗದು ಎಂಬುದೇ ಬಹುಕಾಲದ ಸ್ಥಿತಿ. 2025ರ ಕೊನೆಯಲ್ಲಿ ಸರ್ಕಾರ ಬಿ ಖಾತೆಯನ್ನು ಎ ಖಾತೆಗೆ ಬದಲಿಸಿಕೊಳ್ಳುವ ಅವಕಾಶ ತೆರೆಯಿತು. ಆ ದಾರಿ ನಿಮ್ಮ ನಿವೇಶನಕ್ಕೆ ಒದಗುವುದಾದರೆ ಅದನ್ನು ಮುಗಿಸಿಯೇ ನಕ್ಷೆಗೆ ಕೈಹಾಕಿ. "ಈಗ ಕಟ್ಟಿ, ಆಮೇಲೆ ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತದೆ" ಎನ್ನುವವರು ಈಗಲೂ ಸಿಗುತ್ತಾರೆ. ಕಟ್ಟಡ ಉಲ್ಲಂಘನೆಗಳನ್ನು ಸಕ್ರಮಗೊಳಿಸುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ ಎಂಬುದನ್ನು ಅವರಿಗೆ ನೆನಪಿಸಿ.

ರಸ್ತೆಗೆ ಟೇಪು ಹಿಡಿಯಿರಿ

ನನ್ನ ಅನುಭವದಲ್ಲಿ, ಅಂಗಡಿಯ ಕನಸು ಮುರಿಯುವುದು ನಿವೇಶನದಲ್ಲಲ್ಲ, ಅದರ ಮುಂದಿನ ರಸ್ತೆಯಲ್ಲಿ. ಬೆಂಗಳೂರಿನ ಕಟ್ಟಡ ಲೆಕ್ಕಾಚಾರಕ್ಕೆ ಆಧಾರ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015. ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ ಎಂದು ಅದು ನಗರವನ್ನು ಬಣ್ಣಬಣ್ಣದ ವಲಯಗಳಾಗಿ ಹಂಚಿದೆ. ಹಳದಿ ಬಣ್ಣದ ವಸತಿ ವಲಯದಲ್ಲಿ ಅಂಗಡಿ ಬೇಡವೇ ಬೇಡ ಎಂದು ಅದು ಹೇಳುವುದಿಲ್ಲ. ಅನುಷಂಗಿಕ ಬಳಕೆ, ಅಂದರೆ ವಾಸಕ್ಕೆ ಪೂರಕವಾದ ಬಳಕೆ ಎಂದು ಒಂದು ಮಿತಿಯೊಳಗೆ ಒಪ್ಪುತ್ತದೆ. ಆದರೆ ಕಟ್ಟಡದ ಎಷ್ಟು ಭಾಗ, ಎಂಥ ವ್ಯಾಪಾರ, ಎಷ್ಟು ಅಗಲದ ರಸ್ತೆ ಎಂಬ ಮೂರು ಷರತ್ತುಗಳಿವೆ. ಉದ್ದಿಮೆ ಪರವಾನಗಿ ಕೊಡುವವರು ವಸತಿ ಪ್ರದೇಶದಲ್ಲಿ ಮೊದಲು ನೋಡುವುದು ರಸ್ತೆ 40 ಅಡಿ ಇದೆಯೇ ಎಂದು.

ಕಾನೂನಿನ ಭಾಷೆ ಮೀಟರ್, ನಮ್ಮ ಬಡಾವಣೆಗಳ ಭಾಷೆ ಅಡಿ. 40 ಅಡಿ ಎಂದರೆ 12.19 ಮೀಟರ್, 12 ಮೀಟರಿನ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತದೆ. 30 ಅಡಿ ಎಂದರೆ 9.14 ಮೀಟರ್. ಬಡಾವಣೆಯ ನಕ್ಷೆಯಲ್ಲಿ 40 ಎಂದು ಬರೆದ ರಸ್ತೆ ಎದುರುಮನೆಯ ಮೆಟ್ಟಿಲು, ಹೂಕುಂಡ, ಗೇಟಿನ ಇಳಿಜಾರುಗಳಿಂದಾಗಿ 36ಕ್ಕೆ ಇಳಿದಿರಬಹುದು. ಅಗಲ ಎಂದರೆ ಡಾಂಬರಿನ ಅಗಲವಲ್ಲ. ಚರಂಡಿ, ಪಾದಚಾರಿ ಮಾರ್ಗ ಸೇರಿ ಎರಡೂ ಬದಿಯ ಆಸ್ತಿಗಳ ಗಡಿಯ ನಡುವಿನ ಅಂತರ. ಅಳೆಯುವಾಗ ರಸ್ತೆಗೆ ಲಂಬವಾಗಿ, ಎರಡು ಮೂರು ಕಡೆ ಅಳೆಯಿರಿ. ಮಹಾಯೋಜನೆಯಲ್ಲಿ ನಿಮ್ಮ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವವಿದ್ದರೆ ಆ ಭಾಗವನ್ನು ಬಿಟ್ಟು ಉಳಿದದ್ದರಲ್ಲಿ ಮಾತ್ರ ಕಟ್ಟಬೇಕಾಗುತ್ತದೆ, ಅದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ.

ರಸ್ತೆ 30 ಅಡಿಯದೇ ಆಗಿದ್ದರೆ? ಅಂಗಡಿಯ ಯೋಚನೆ ಬಿಡಿ. ಕೆಳಗೂ ಮನೆಯನ್ನೇ ಕಟ್ಟಿ ಬಾಡಿಗೆಗೆ ಕೊಡಿ. ಬಾಡಿಗೆ ಕಡಿಮೆ ಬರಬಹುದು, ಆದರೆ ಅದು ನಿಂತುಹೋಗುವ ಭಯವಿರುವುದಿಲ್ಲ. ಭೂ ಉಪಯೋಗ ಬದಲಾವಣೆಗೆ 1961ರ ಯೋಜನಾ ಕಾಯ್ದೆಯ 14-ಎ ಕಲಂನಲ್ಲಿ ಅವಕಾಶವಿದೆ ನಿಜ. ಅದಕ್ಕೆ ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆಗಳ ಆಲಿಕೆ, ಸರ್ಕಾರದ ಒಪ್ಪಿಗೆ ಎಲ್ಲ ಬೇಕು. 1,500 ಚದರ ಅಡಿಯ ಒಂದು ಅಂಗಡಿಮನೆಗೆ ಆ ದಾರಿ ಹಿಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ರಾಜಕಾಲುವೆಯದು ಇನ್ನೊಂದು ಪರೀಕ್ಷೆ. ಮಹಾಯೋಜನೆ 2015ರ ಪ್ರಕಾರ ಕಾಲುವೆಯ ಮಧ್ಯಬಿಂದುವಿನಿಂದ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ಪ್ರದೇಶ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಹೆಚ್ಚಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಕಣ್ಣಿಗೆ ಕಾಲುವೆ ಕಾಣುತ್ತಿಲ್ಲವೆಂದು ನಿಶ್ಚಿಂತರಾಗಬೇಡಿ. ಎಷ್ಟೋ ಕಾಲುವೆಗಳು ಈಗ ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಮಾತ್ರ ಹರಿಯುತ್ತಿವೆ, ಆದರೆ ಕಚೇರಿಯಲ್ಲಿ ನೋಡುವುದು ಆ ನಕ್ಷೆಯನ್ನೇ. ದಿಶಾಂಕ್ ಆ್ಯಪ್ ತೆರೆದು ನಿವೇಶನದಲ್ಲಿ ನಿಂತರೆ ನೀವು ಯಾವ ಸರ್ವೆ ಸಂಖ್ಯೆಯ ಮೇಲೆ ನಿಂತಿದ್ದೀರಿ, ಹತ್ತಿರದಲ್ಲಿ ಕಾಲುವೆ, ಕೆರೆ, ಸರ್ಕಾರಿ ಜಮೀನು ಇದೆಯೇ ಎಂಬುದರ ಅಂದಾಜು ಸಿಗುತ್ತದೆ. ಅದು ಅಂದಾಜು ಮಾತ್ರ. ಅನುಮಾನ ಬಂದರೆ ಸರ್ವೆ ಇಲಾಖೆಯಿಂದ ಗುರುತು ಮಾಡಿಸಿ.

ನಕ್ಷೆಯಲ್ಲಿ ಏನು ಹಿಡಿಸುತ್ತದೆ

ಈಗ ಲೆಕ್ಕಕ್ಕೆ ಬರೋಣ. 1,500 ಚದರ ಅಡಿ ಅಂದರೆ ಸುಮಾರು 139 ಚದರ ಮೀಟರ್. ಮಹಾಯೋಜನೆ 2015ರ ವಸತಿ ಕೋಷ್ಟಕದಲ್ಲಿ 360 ಚದರ ಮೀಟರ್‌ವರೆಗಿನ ನಿವೇಶನಕ್ಕೆ ನೆಲ ವ್ಯಾಪ್ತಿ ಶೇ 75, ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಇರಬಹುದು ಎಂಬ ಅನುಪಾತ) 1.75. ಅಂದರೆ ನೆಲದ ಮೇಲೆ ಕಟ್ಟಡ ಆವರಿಸಬಹುದಾದದ್ದು ಹೆಚ್ಚೆಂದರೆ 1,125 ಚದರ ಅಡಿ; ಎಲ್ಲ ಮಹಡಿ ಸೇರಿ 2,625 ಚದರ ಅಡಿ. ನೆಲ ವ್ಯಾಪ್ತಿಯಷ್ಟನ್ನೂ ಮೂರು ಮಹಡಿ ಕಟ್ಟಿದರೆ 3,375 ಆಗುತ್ತದೆ, ಮಿತಿ ಮೀರಿತು. ಗುತ್ತಿಗೆದಾರ "ಮೂರು ಮಹಡಿ ಆರಾಮಾಗಿ ಬರುತ್ತದೆ ಸ್ವಾಮಿ" ಎಂದಾಗ ಅವನ ಮನಸ್ಸಿನಲ್ಲಿರುವುದು ಈ 3,375.

ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಟ್ಟ ಮೇಲೆ ಶೇ 75 ಕೂಡ ಸಿಗದೆ ಹೋಗಬಹುದು. ಮುಂದೆ, ಹಿಂದೆ, ಪಕ್ಕಗಳಲ್ಲಿ ಎಷ್ಟು ಬಿಡಬೇಕೆಂಬುದು ನಿವೇಶನದ ಅಗಲ, ಆಳ ಮತ್ತು ಕಟ್ಟಡದ ಎತ್ತರದ ಮೇಲೆ ನಿರ್ಧಾರವಾಗುತ್ತದೆ. ಎತ್ತರ ಒಂದು ಮಿತಿ ದಾಟಿದರೆ ಕೋಷ್ಟಕವೇ ಬದಲಾಗುತ್ತದೆ. ಈ ಕೋಷ್ಟಕಗಳಿಗೆ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ಆದ್ದರಿಂದ ಮೂರು ವರ್ಷದ ಹಿಂದೆ ಪಕ್ಕದ ಮನೆಗೆ ಮಂಜೂರಾದ ನಕ್ಷೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಕೋಷ್ಟಕದ ಪ್ರತಿಯನ್ನು ನಿಮ್ಮ ಎಂಜಿನಿಯರ್‌ರಿಂದ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಎಂಜಿನಿಯರ್ ಅದನ್ನು ಓದಿಲ್ಲ.

ಪಾರ್ಕಿಂಗ್ ಎಲ್ಲಕ್ಕಿಂತ ದೊಡ್ಡ ತಗಾದೆ. ಕಂಬಗಳ ಮೇಲೆ ಎತ್ತಿದ ಪಾರ್ಕಿಂಗ್ ಜಾಗ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಇದೇ ಆಮಿಷ. ನಕ್ಷೆಯಲ್ಲಿ ಕೆಳಗಡೆ ಪೂರ್ತಿ ಪಾರ್ಕಿಂಗ್ ತೋರಿಸಿ, ಕಟ್ಟಿದ ಮೇಲೆ ಶಟರ್ ಹಾಕಿ ಅಂಗಡಿ ಮಾಡುವುದು ನಗರದ ಅತಿ ಸಾಮಾನ್ಯ ಉಲ್ಲಂಘನೆ. ಓ.ಸಿ. ತಪಾಸಣೆಯಲ್ಲಿ ಒಂದೇ ನೋಟಕ್ಕೆ ಸಿಕ್ಕಿಬೀಳುವುದೂ ಅದೇ. ಅಂಗಡಿ ಬೇಕಿದ್ದರೆ ಅದನ್ನು ಅಂಗಡಿ ಎಂದೇ ನಕ್ಷೆಯಲ್ಲಿ ತೋರಿಸಿ, ಅದರ ವಿಸ್ತೀರ್ಣವನ್ನು ಎಫ್‌ಎಆರ್‌ಗೆ ಸೇರಿಸಿ, ಅಂಗಡಿಗೂ ಮನೆಗಳಿಗೂ ಬೇಕಾದ ಕಾರುಗಳ ಜಾಗವನ್ನು ಕಂಬಗಳ ನಡುವೆ ನಿಜವಾಗಿ ಗುರುತಿಸಿ. ಒಂದು ಕಾರಿಗೆ 2.5×5.5 ಮೀಟರ್ ಎಂದಿಟ್ಟುಕೊಂಡು ಕಾಗದದ ಮೇಲೆ ಆಯತ ಎಳೆಯುವುದು ಸುಲಭ. ಆ ಆಯತದ ನಡುವೆ ಕಂಬ ಬಂದಿದೆಯೇ, ಗೇಟಿನಿಂದ ಕಾರು ತಿರುಗಿ ಅಲ್ಲಿಗೆ ಹೋಗುತ್ತದೆಯೇ ಎಂದು ನೋಡುವವರು ಕಡಿಮೆ.

ಮಳೆನೀರು ಸಂಗ್ರಹದ ವ್ಯವಸ್ಥೆಯನ್ನೂ ಈಗಲೇ ನಕ್ಷೆಗೆ ಸೇರಿಸಿ. ಬೆಂಗಳೂರು ಜಲಮಂಡಳಿಯ ನಿಯಮದಂತೆ 1,200 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದ ಹೊಸ ಕಟ್ಟಡಗಳಿಗೆ ಅದು ಕಡ್ಡಾಯ.

ಅರ್ಜಿ ಮತ್ತು ಆಕ್ಷೇಪಣೆ

ಅರ್ಜಿ ಈಗ ಆನ್‌ಲೈನ್‌ನಲ್ಲೇ, ಅದೂ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ. ಗಣಕ ವ್ಯವಸ್ಥೆ ನಕ್ಷೆಯ ಅಳತೆಗಳನ್ನು ತಾನೇ ಓದಿ ನಿಯಮಗಳೊಂದಿಗೆ ತಾಳೆ ನೋಡುತ್ತದೆ. ಬರಿಯ ಮನೆ ಕಟ್ಟುವವರಿಗೆ 2024ರಿಂದ ಇನ್ನೊಂದು ಅನುಕೂಲ ಬಂದಿದೆ, ಅದು "ನಂಬಿಕೆ ನಕ್ಷೆ". 4,000 ಚದರ ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಘಟಕಗಳ (ಮನೆಗಳ) ವರೆಗಿನ ವಸತಿ ಕಟ್ಟಡಕ್ಕೆ ನೋಂದಾಯಿತ ವೃತ್ತಿಪರರ ಮೂಲಕ ತಾತ್ಕಾಲಿಕ ಮಂಜೂರಾತಿ ಮೊದಲೇ ಸಿಗುತ್ತದೆ, ಕಚೇರಿಯ ಪರಿಶೀಲನೆ ಆಮೇಲೆ ನಡೆಯುತ್ತದೆ. ಯೋಜನೆ ಒಳ್ಳೆಯದೇ. ಆದರೆ ತಾತ್ಕಾಲಿಕ ಎಂಬ ಶಬ್ದವನ್ನು ಗಂಭೀರವಾಗಿ ತೆಗೆದುಕೊಳ್ಳಿ: ಕಚೇರಿಯ ಪರಿಶೀಲನೆ ಮುಗಿಯದೆ ಗುದ್ದಲಿ ಹಾಕದಿರುವುದು ಕ್ಷೇಮ. ಅಂಗಡಿಯಿರುವ ನಮ್ಮ ಕಟ್ಟಡ ಮಾಮೂಲಿ ದಾರಿಯಲ್ಲೇ ಹೋಗಬೇಕು.

ಎಂಜಿನಿಯರ್‌ರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಎರಡು ವಿಷಯ ಬರಹದಲ್ಲಿರಲಿ. ಮೊದಲನೆಯದು, ಅವರ ಕೆಲಸ ಮಂಜೂರಾತಿಯವರೆಗೋ ಓ.ಸಿ.ವರೆಗೋ ಎಂಬುದು. ಕಡಿಮೆ ಹಣಕ್ಕೆ ಒಪ್ಪಿಕೊಳ್ಳುವವರು ಸಾಮಾನ್ಯವಾಗಿ ಮಂಜೂರಾತಿಯಲ್ಲೇ ನಿಲ್ಲುತ್ತಾರೆ, ಆಮೇಲೆ ಫೋನು ಎತ್ತುವುದಿಲ್ಲ. ಎರಡನೆಯದು, ಸರ್ಕಾರಿ ಶುಲ್ಕವನ್ನು ನೀವೇ ನಿಮ್ಮ ಖಾತೆಯಿಂದ ಕಟ್ಟಬೇಕು, ರಸೀದಿ ನಿಮ್ಮ ಹೆಸರಿಗೇ ಬರಬೇಕು. "ಎಲ್ಲ ಸೇರಿ ಇಷ್ಟು" ಎನ್ನುವ ಮಧ್ಯವರ್ತಿಯ ಮೊತ್ತದಲ್ಲಿ ಪರವಾನಗಿ ಶುಲ್ಕ ಎಷ್ಟು, ಅಭಿವೃದ್ಧಿ ಶುಲ್ಕ ಎಷ್ಟು, ಉಳಿದದ್ದು ಯಾರಿಗೆ ಎಂಬುದು ಎಂದೂ ಗೊತ್ತಾಗುವುದಿಲ್ಲ. ನಿರ್ಮಾಣ ವೆಚ್ಚದ ಶೇ 1ರಷ್ಟು ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಕೂಡ ಇದೆ. 50 ಲಕ್ಷ ರೂಪಾಯಿ ಮೀರದ ವೆಚ್ಚದ ಸ್ವಂತ ವಾಸದ ಮನೆಗೆ ಮಾತ್ರ ವಿನಾಯಿತಿ; 2025ರ ನವೆಂಬರ್‌ವರೆಗೆ ಈ ಮಿತಿ 10 ಲಕ್ಷವಿತ್ತು.

ಕಚೇರಿಯಿಂದ ಆಕ್ಷೇಪಣೆ ಬಂದರೆ ಗಾಬರಿ ಬೇಡ, ಬಾರದಿರುವ ಕಡತ ಅಪರೂಪ. ಬಾಯಿಮಾತಿನ ಆಕ್ಷೇಪಣೆಯನ್ನು ಮಾತ್ರ ಒಪ್ಪಬೇಡಿ. "ಏನೋ ಒಂದು ಕಾಗದ ಕಡಿಮೆ ಇದೆಯಂತೆ" ಎಂಬ ಸುದ್ದಿ ಬಂದರೆ, ಯಾವ ಕಾಗದ, ಯಾವ ನಿಯಮದಡಿ ಎಂಬುದನ್ನು ಆನ್‌ಲೈನ್ ಅರ್ಜಿಯಲ್ಲೇ ದಾಖಲಿಸುವಂತೆ ವಿನಯದಿಂದ ಕೇಳಿ. ಬಂದ ಎಲ್ಲ ಆಕ್ಷೇಪಣೆಗಳಿಗೂ ಒಂದೇ ಉತ್ತರದಲ್ಲಿ, ಅದೇ ಕ್ರಮದಲ್ಲಿ ಉತ್ತರಿಸಿ. ಬಿಡಿಬಿಡಿಯಾಗಿ ಉತ್ತರಿಸಿದರೆ ಕಡತ ಪ್ರತಿ ಸಲವೂ ಸಾಲಿನ ಕೊನೆಗೆ ಹೋಗುತ್ತದೆ.

ಕೆಲಸ ಶುರುವಾದ ಮೇಲೆ

ಪರವಾನಗಿ ಕೈಗೆ ಬಂದಾಗ ಅದರ ಅವಧಿ ನೋಡಿ, ಸಾಮಾನ್ಯವಾಗಿ ಎರಡು ವರ್ಷ. ಹಣದ ಅಡಚಣೆಯಿಂದ ಕೆಲಸ ನಿಂತರೆ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂಬುದು ಸುಪ್ರೀಂ ಕೋರ್ಟಿನ 2024ರ ಅದೇ ಆದೇಶದಲ್ಲಿದೆ. ಮೇಸ್ತ್ರಿಯ ಕೈಗೂ ಅದೇ ಪ್ರತಿ ಕೊಡಿ. ಇದು ನಗುವ ಮಾತಲ್ಲ: ಮಂಜೂರಾತಿಗೊಂದು ನಕ್ಷೆ, ಕಟ್ಟುವುದಕ್ಕೊಂದು ನಕ್ಷೆ ಎಂದು ಎರಡು ಇಟ್ಟುಕೊಳ್ಳುವುದು ಈ ವೃತ್ತಿಯಲ್ಲಿ ಮಾಮೂಲಿಯಾಗಿಬಿಟ್ಟಿದೆ. ಎರಡನೆಯ ನಕ್ಷೆ ನಿಮ್ಮ ಮನೆಯಲ್ಲಿದ್ದರೆ ಹರಿದುಹಾಕಿ.

ಅಡಿಪಾಯದ ಗುರುತು ಹಾಕಿದ ಮೇಲೆ ಪ್ರಾರಂಭ ಪ್ರಮಾಣಪತ್ರ ಪಡೆಯಬೇಕು. ಓ.ಸಿ. ಕೊಡುವಾಗ ಇದನ್ನೂ ಕೇಳುತ್ತಾರೆ, ಅರ್ಧದಷ್ಟು ಜನ ಮರೆಯುವುದೂ ಇದನ್ನೇ. ಆಗ ಕಚೇರಿಯವರು ಬಂದು ಅಳೆದು ಹೋದರೆ ನಿಮಗೇ ಲಾಭ. ಕಂಬದ ಗುಂಡಿ ಆರು ಅಂಗುಲ ಹೊರಗೆ ಹೋಗಿದ್ದರೆ ಅಲ್ಲಿಯೇ ಸರಿಪಡಿಸಬಹುದು. ಛಾವಣಿ ಬಿದ್ದ ಮೇಲೆ ಆಗುವುದಿಲ್ಲ.

ಮನೆ ಎದ್ದಂತೆಲ್ಲ ಆಸೆಯೂ ಏಳುತ್ತದೆ. ಮೆಟ್ಟಿಲನ್ನು ಪಕ್ಕಕ್ಕೆ ಸರಿಸೋಣ, ಬಾಲ್ಕನಿ ಸ್ವಲ್ಪ ಮುಂದೆ ತರೋಣ, ಮೇಲೊಂದು ಕೋಣೆ ಹಾಕೋಣ ಎಂದು ಮನೆಯವರೆಲ್ಲ ಸಲಹೆ ಕೊಡುತ್ತಾರೆ. ಒಳಗೋಡೆಗಳ ಬದಲಾವಣೆ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಹೊರಗೋಡೆ, ಎತ್ತರ, ಪಾರ್ಕಿಂಗ್, ಘಟಕಗಳ ಸಂಖ್ಯೆ ಈ ನಾಲ್ಕರಲ್ಲಿ ಯಾವುದು ಬದಲಾದರೂ ಪರಿಷ್ಕೃತ ನಕ್ಷೆಗೆ ಮಂಜೂರಾತಿ ಪಡೆದೇ ಮುಂದುವರಿಯಿರಿ. 2003ರ ಕಟ್ಟಡ ಬೈಲಾಗಳಲ್ಲಿ ಸೆಟ್‌ಬ್ಯಾಕ್, ನೆಲ ವ್ಯಾಪ್ತಿ, ಎಫ್‌ಎಆರ್ ಮತ್ತು ಕಟ್ಟಡದ ಎತ್ತರದಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪುವ ಅವಕಾಶವಿದೆ. ಅದು ಮೇಸ್ತ್ರಿಯ ಕೈತಪ್ಪಿಗೆ ಇರುವ ಜಾಗ. ಆ ಐದನ್ನು ಮೊದಲೇ ಖರ್ಚು ಮಾಡುವಂತೆ ನಕ್ಷೆ ಬರೆಸಿದರೆ ಕೈತಪ್ಪಿಗೆ ಏನೂ ಉಳಿಯುವುದಿಲ್ಲ.

ಕೆಲಸ ಮುಗಿದ ಒಂದು ತಿಂಗಳೊಳಗೆ, ನಿಮ್ಮ ಎಂಜಿನಿಯರ್‌ರ ದೃಢೀಕರಣದೊಂದಿಗೆ, ಪೂರ್ಣಗೊಂಡ ಮಾಹಿತಿ ಕೊಟ್ಟು ಓ.ಸಿ.ಗೆ ಅರ್ಜಿ ಹಾಕಬೇಕು. ಸ್ಥಳ ತಪಾಸಣೆ ಮಾಡಿ 30 ದಿನಗಳೊಳಗೆ ಒಪ್ಪಿಗೆ ಅಥವಾ ತಿರಸ್ಕಾರ ತಿಳಿಸಬೇಕೆಂಬುದು ಬೈಲಾ. ಗೃಹಪ್ರವೇಶದ ಮುಹೂರ್ತವನ್ನು ಇದಕ್ಕಿಂತ ಮೊದಲು ಇಟ್ಟುಕೊಂಡರೆ, ತಾತ್ಕಾಲಿಕ ಸಂಪರ್ಕದ ದುಬಾರಿ ದರದಲ್ಲಿ ಎಷ್ಟು ತಿಂಗಳು ದೀಪ ಉರಿಸಬೇಕಾಗಬಹುದು ಎಂಬ ಲೆಕ್ಕವೂ ಇರಲಿ.

ಅಂಗಡಿ ತೆರೆಯುವವರಿಗೆ

ಇನ್ನು ಕಟ್ಟಡದ ಮಾಲೀಕರಲ್ಲದ, ಆ ಅಂಗಡಿಯನ್ನು ಬಾಡಿಗೆಗೆ ಹಿಡಿದು ವ್ಯಾಪಾರ ಮಾಡಲು ಹೊರಟವರ ಮಾತು. ದರ್ಶಿನಿಯೋ ಬೇಕರಿಯೋ ಬಟ್ಟೆ ಅಂಗಡಿಯೋ, ಏನೇ ಇರಲಿ, ಮುಂಗಡ ಹಣ ಕೊಡುವ ಮೊದಲು ಮಾಲೀಕರಿಂದ ಮಂಜೂರಾದ ನಕ್ಷೆ ಮತ್ತು ಓ.ಸಿ.ಯ ಪ್ರತಿ ಕೇಳಿ. ನಕ್ಷೆಯಲ್ಲಿ ನೀವು ನಿಂತಿರುವ ಜಾಗದ ಮೇಲೆ "ಅಂಗಡಿ" ಎಂದು ಬರೆದಿದೆಯೋ "ಪಾರ್ಕಿಂಗ್" ಎಂದೋ ನಿಮ್ಮ ಕಣ್ಣಾರೆ ನೋಡಿ. ಪಾರ್ಕಿಂಗ್ ಎಂದಿದ್ದರೆ ಒಲೆ, ಪೀಠೋಪಕರಣ, ಬಣ್ಣ, ಬೋರ್ಡು ಎಂದು ನೀವು ಸುರಿಯುವ ಹಣಕ್ಕೆ ಖಾತರಿಯಿಲ್ಲ. ಬಾಡಿಗೆ ಕರಾರಿನಲ್ಲಿ, ಕಟ್ಟಡದ ಉಲ್ಲಂಘನೆಯಿಂದಾಗಿ ಪರವಾನಗಿ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಒಂದು ಸಾಲು ಸೇರಿಸಿ. ಮಾಲೀಕರು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಂತೆ.

ಉದ್ದಿಮೆ ಪರವಾನಗಿ ಪಾಲಿಕೆಯ ಆರೋಗ್ಯ ವಿಭಾಗದಿಂದ ಬರುತ್ತದೆ. ವ್ಯಾಪಾರ ಶುರುವಾಗುವುದಕ್ಕೆ ಒಂದು ತಿಂಗಳಾದರೂ ಮುಂಚೆ ಅರ್ಜಿ ಹಾಕಿ. ಅದರ ಅವಧಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಬೆಂಗಳೂರಿನಲ್ಲಿ ಫೆಬ್ರುವರಿಯೊಳಗೆ ನವೀಕರಿಸಿದರೆ ದಂಡವಿಲ್ಲ, ಮಾರ್ಚ್‌ನಲ್ಲಿ ಶೇ 25, ಆಮೇಲೆ ಶೇ 100 ಎಂಬುದು ನಡೆದುಬಂದ ಪದ್ಧತಿ. ಆದ್ದರಿಂದ ಜನವರಿಯಲ್ಲಿ ಹೊಸ ಅಂಗಡಿ ತೆರೆಯುವವರು ಎರಡೇ ತಿಂಗಳಲ್ಲಿ ಮತ್ತೆ ಶುಲ್ಕ ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಲಿ. ಇದರ ಜೊತೆ, ವ್ಯಾಪಾರ ಆರಂಭವಾದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ತಿಂಡಿ ತಿನಿಸಾದರೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಬೇಕು. ಯಾವುದು ಎಂಬುದು ವಹಿವಾಟಿನ ಮೇಲೆ ನಿರ್ಧಾರವಾಗುತ್ತದೆ. ನಾಮಫಲಕದ ಶೇ 60 ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಬೋರ್ಡು ಬರೆಸುವ ಮೊದಲೇ ಅಳತೆ ಹೇಳಿ.

ಅಡುಗೆ ಮಾಡುವ ವ್ಯಾಪಾರಕ್ಕೆ ಕಾಗದದಲ್ಲಿಲ್ಲದ ಒಂದು ಷರತ್ತು ಮೇಲ್ಮಹಡಿಯಲ್ಲಿರುತ್ತದೆ. ಹೊಗೆಗೊಳವೆಯನ್ನು ಛಾವಣಿ ದಾಟಿಸಿ ಎತ್ತರಕ್ಕೆ ಒಯ್ಯದಿದ್ದರೆ ಮೇಲಿನ ಮನೆಯವರ ದೂರು ಮೊದಲ ತಿಂಗಳಲ್ಲೇ ಬರುತ್ತದೆ, ದೂರಿನ ಹಿಂದೆ ತಪಾಸಣೆ ಬರುತ್ತದೆ. ಕಟ್ಟುವಾಗಲೇ ಗೊತ್ತಿದ್ದರೆ ಮಾಲೀಕರು ಕೊಳವೆಗೆ ಒಂದು ದಾರಿ ಬಿಡಬಹುದು.

ಕಡತ ನಿಂತಾಗ

ಸರ್ಕಾರಿ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆ ಕರ್ನಾಟಕದಲ್ಲಿದೆ. ಅದರ ಪಟ್ಟಿಗೆ ಸೇರಿದ ಸೇವೆಯಾದರೆ ಅರ್ಜಿ ಸ್ವೀಕಾರವಾದಾಗ ಒಂದು ಸಕಾಲ ಸಂಖ್ಯೆ ಕೊಡಬೇಕು, ಅಲ್ಲಿಂದ ದಿನಗಳ ಎಣಿಕೆ ಶುರು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಹಣ ದೊಡ್ಡದಲ್ಲ. ಮೇಲ್ಮನವಿಯಲ್ಲಿ ತಡಕ್ಕೆ ಹೊಣೆ ಯಾರೆಂದು ಹೆಸರು ಬರುತ್ತದೆ, ಕೆಲಸ ಮಾಡಿಸುವುದು ಅದು. ಸಂಖ್ಯೆ ಕೊಡದೆ "ಕಾಗದ ಬಿಟ್ಟು ಹೋಗಿ, ನೋಡೋಣ" ಎಂದರೆ ಬಿಟ್ಟು ಬರಬೇಡಿ.

ಅದಕ್ಕೂ ಕಡತ ಅಲುಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಅಳಲು ಬರೆಯಲು ಜಾಗವಿಲ್ಲ, ಬರೆಯಲೂ ಬಾರದು. "ಏಕೆ ತಡವಾಗಿದೆ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ಹೀಗೆ ಕೇಳಿ: ಇಂಥ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಕಡತ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಅಧಿಕಾರಿಯ ಬಳಿ ಇತ್ತು ಎಂಬ ವಿವರ. ಟಿಪ್ಪಣಿ ಹಾಳೆ ಕೈಗೆ ಬಂದಾಗ ಆಕ್ಷೇಪಣೆಯನ್ನು ನಿಜವಾಗಿ ಬರೆದವರು ಯಾರು, ಅಥವಾ ಯಾರೂ ಬರೆದೇ ಇಲ್ಲವೇ ಎಂಬುದು ತಿಳಿಯುತ್ತದೆ. ಉತ್ತರ ಬಾರದಿದ್ದರೆ ಮತ್ತೆ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಆಗ ಮೂಲ ಅರ್ಜಿಯ ಪ್ರತಿ ಮತ್ತು ಅದನ್ನು ಸಲ್ಲಿಸಿದ್ದಕ್ಕೆ ಪುರಾವೆ ಬೇಕಾಗುತ್ತದೆ, ಆದ್ದರಿಂದ ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಸ್ವೀಕೃತಿಯನ್ನು, ಅಂಚೆಯಲ್ಲಿ ಕಳಿಸಿದರೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.